ಒಂದೂವರೆ ಮನೆಗೂ ಎರಡು ಮನೆಗೂ ನಡುವೆ: ಸ್ಟುಡಿಯೋ ಕೈಚಳಕದ ಅಳತೆಗೋಲು ಯಾರದ್ದು?

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿ. ಅಲ್ಲಿ ನನ್ನ ಗೆಳೆಯನೊಬ್ಬನ ಸ್ಟುಡಿಯೋ ಇದೆ. ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಹತ್ತಕ್ಕೆ ಹತ್ತರ ಕೋಣೆ, ಗೋಡೆಗೆ ಫೋಮು, ಕಿಟಕಿಗೆ ದಪ್ಪ ಕಂಬಳಿ, ಒಂದು ಮೈಕು, ಒಂದು ಕಂಪ್ಯೂಟರ್. ರೆಕಾರ್ಡಿಂಗ್ ಶುರುವಾದರೆ ಫ್ಯಾನ್ ಆಫ್. ಕೆಳಗೆ ತರಕಾರಿ ಗಾಡಿಯವನು ಕೂಗಿದರೆ ಮತ್ತೆ ಮೊದಲಿಂದ.

ಆ ದಿನ ಮಳವಳ್ಳಿ ಕಡೆಯಿಂದ ಒಬ್ಬ ಯಜಮಾನರು ಬಂದಿದ್ದರು. ಮಾದಪ್ಪನ ಹಾಡು ಹಾಡುವ ದೇವರಗುಡ್ಡರು, ವಯಸ್ಸು ಎಪ್ಪತ್ತರ ಹತ್ತಿರ. ಚೀಲದಲ್ಲಿ ಕಂಸಾಳೆ, ಪಕ್ಕದಲ್ಲಿ ಮೊಮ್ಮಗ. ತಾತನ ಹಾಡು ಯೂಟ್ಯೂಬಿಗೆ ಹಾಕಬೇಕು ಅನ್ನೋದು ಮೊಮ್ಮಗನ ಆಸೆ. ಯಜಮಾನರು ಒಂದೇ ಏಟಿಗೆ ಹದಿನೆಂಟು ನಿಮಿಷ ಹಾಡಿದರು. ನೀರೂ ಕುಡಿಯಲಿಲ್ಲ.

ಅವರು ಕೆಳಗೆ ಕಾಫಿಗೆ ಹೋದಾಗ ಗೆಳೆಯ ತನ್ನ ಕೆಲಸ ಶುರು ಮಾಡಿದ. ಐದು ನಿಮಿಷಕ್ಕೆ ಕತ್ತರಿಸಿದ. ಸ್ವರ ಸರಿಪಡಿಸುವ ಸಾಫ್ಟ್‌ವೇರ್ ಹಾಕಿದ. ತಾಳವನ್ನು ಎಳೆದು ಕಂಪ್ಯೂಟರಿನ ಸಮ ಬಡಿತಕ್ಕೆ, ಅಂದರೆ ಕ್ಲಿಕ್ಕಿಗೆ ಕೂರಿಸಿದ. ಕೆಳಗೊಂದು ಕೀಬೋರ್ಡ್ ಹಾಸು ಹಾಕಿದ. ಯಜಮಾನರು ಬಂದ ಮೇಲೆ ಹೆಡ್‌ಫೋನ್ ಕೊಟ್ಟು ಕೇಳಿಸಿದ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಚೆನ್ನಾಗದೆ ಕಣಪ್ಪ" ಅಂದರು. ಆಮೇಲೆ ಹೆಡ್‌ಫೋನ್ ತೆಗೆಯುತ್ತಾ ಕೇಳಿದರು, "ಯಾರ್ ಹಾಡಿರೋದು?"

ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗಲಿಲ್ಲ ಅವರಿಗೆ. ಗೆಳೆಯ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಸ್ಟುಡಿಯೋ ಕೈಚಳಕದ ಬಗ್ಗೆ ನಮ್ಮಲ್ಲಿ ನಡೆಯೋ ಜಗಳ ಯಾವಾಗಲೂ ಒಂದೇ ಥರ. ಒಬ್ಬರು "ಇದೆಲ್ಲ ಮೋಸ ಸ್ವಾಮಿ, ಮೊದಲು ಗಂಟಲಿತ್ತು, ಈಗ ಗುಂಡಿ ಒತ್ತೋದು" ಅಂತಾರೆ. ಇನ್ನೊಬ್ಬರು "ಈ ಕಾಲದಲ್ಲಿ ಯಾರು ಮಾಡಲ್ಲ ಹೇಳಿ?" ಅಂತಾರೆ. ಇಬ್ಬರ ಮಾತೂ ಯಜಮಾನರ ಪ್ರಶ್ನೆಗೆ ಉತ್ತರ ಆಗಲ್ಲ. ನನಗೆ ಅನ್ನಿಸೋದು ಇಷ್ಟು. ಸಂಗೀತದ ಪ್ರತಿ ಯಂತ್ರದ ಹೊಟ್ಟೆಯಲ್ಲೂ ಒಂದು ಅಳತೆಗೋಲು ಇರುತ್ತದೆ. ಯಾರೋ ಎಲ್ಲೋ ಕೂತು ತಮ್ಮ ಸಂಗೀತಕ್ಕೆ ಸರಿಯಾಗಿ ಅದನ್ನು ಮಾಡಿರುತ್ತಾರೆ. ಆ ಕೋಲು ಹಾಡುವವರ ಕೈಯಲ್ಲಿದ್ದರೆ ಒಂದು ಕಥೆ, ಹಾಡುವವರೇ ಅದರ ಕೈಗೆ ಸಿಕ್ಕಿದರೆ ಇನ್ನೊಂದು ಕಥೆ.

ಆ ದಿನ ಕೋಣೆಯಲ್ಲಿ ಏನಾಯಿತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

ಸ್ವರ ಸರಿಪಡಿಸುವ ಸಾಫ್ಟ್‌ವೇರ್‌ಗಳಲ್ಲಿ ಹೆಸರುವಾಸಿಯಾದದ್ದು ಆಟೋಟ್ಯೂನ್. 1997ರಲ್ಲಿ ಬಂತು. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್. ಇವರು ಅದಕ್ಕೆ ಮೊದಲು ಎಣ್ಣೆ ಕಂಪನಿಗಳಿಗಾಗಿ ಭೂಮಿಯೊಳಗಿನ ಸದ್ದನ್ನು ಓದುತ್ತಿದ್ದವರು. ನೆಲಕ್ಕೆ ಸದ್ದು ಬಿಟ್ಟು, ಮರಳಿ ಬರುವ ಅಲೆಗಳನ್ನು ಲೆಕ್ಕ ಹಾಕಿ, ಎಣ್ಣೆ ಎಲ್ಲಿದೆ ಅಂತ ಹುಡುಕುವ ಕೆಲಸ. ಅದೇ ಬಗೆಯ ಗಣಿತವನ್ನು ಗಂಟಲಿಗೆ ಹಚ್ಚಿದರು. ಅಲೆ ಎಷ್ಟು ಹೊತ್ತಿಗೊಮ್ಮೆ ತನ್ನನ್ನೇ ಮತ್ತೆ ಹೋಲುತ್ತದೆ ಅಂತ ನೋಡಿದರೆ ಸ್ವರ ಯಾವುದು ಅಂತ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಹತ್ತಿರದ 'ಸರಿಯಾದ' ಸ್ವರಕ್ಕೆ ಅದನ್ನು ತಳ್ಳುವುದು. ಎಷ್ಟು ಬೇಗ ತಳ್ಳಬೇಕು ಅನ್ನೋದಕ್ಕೆ ಒಂದು ಗುಂಡಿ ಇದೆ, ರೀಟ್ಯೂನ್ ಸ್ಪೀಡ್ ಅಂತ. ನಿಧಾನಕ್ಕೆ ಇಟ್ಟರೆ ಕೇಳುವವರಿಗೆ ಗೊತ್ತೇ ಆಗಲ್ಲ. ಸೊನ್ನೆಗೆ ಇಟ್ಟರೆ ಗಂಟಲು ಮೆಟ್ಟಿಲು ಹತ್ತಿದ ಹಾಗೆ ಜಿಗಿಯುತ್ತದೆ. 1998ರಲ್ಲಿ ಅಮೆರಿಕದ ಗಾಯಕಿ ಶೆರ್ ಅವರ ಒಂದು ಹಾಡಿನಲ್ಲಿ ಹೀಗೆ ಬೇಕಂತಲೇ ಮಾಡಿದ್ದರು. ಆ ಸದ್ದು ಹೇಗೆ ಬಂತು ಅಂತ ಕೇಳಿದ ಪತ್ರಿಕೆಯವರಿಗೆ ಹಾಡು ಮಾಡಿದವರು ಬೇರೆ ಯಾವುದೋ ಉಪಕರಣದ ಹೆಸರು ಹೇಳಿ ಕಳಿಸಿದ್ದರು. ಅಡುಗೆಯವರು ಸಾರಿನ ಪುಡಿಯ ಗುಟ್ಟು ಬಿಡಲ್ಲ ಅಲ್ವಾ, ಹಾಗೆ.

ಈಗ ಮುಖ್ಯ ವಿಷಯ. 'ಸರಿಯಾದ' ಸ್ವರ ಅಂದರೆ ಯಾವುದು? ಸಾಫ್ಟ್‌ವೇರನ್ನು ಸುಮ್ನೆ ಆನ್ ಮಾಡಿದರೆ ಅದಕ್ಕೆ ಗೊತ್ತಿರೋದು ಪಿಯಾನೋದ 12 ಮನೆಗಳು. ಒಂದು ಮನೆಯಿಂದ ಇನ್ನೊಂದು ಮನೆಗೆ 100 ಸೆಂಟ್‌ನ ಸಮ ದೂರ. ಸೆಂಟ್ ಅಂದರೆ ಸ್ವರಗಳ ನಡುವಿನ ದೂರ ಅಳೆಯುವ ಅಳತೆ. ಎಲ್ಲಕ್ಕೂ ಆಧಾರವಾಗಿ ಸೆಕೆಂಡಿಗೆ 440 ಕಂಪನದ ಒಂದು ಸ್ವರ. ಇಷ್ಟೇ ಅದರ ಲೋಕ.

ಯಜಮಾನರು ಹಾಡಿದ್ದು ಎಲ್ಲಿ? ಹಾರ್ಮೋನಿಯಂ ಲೆಕ್ಕದಲ್ಲಿ ಒಂದೂವರೆ ಮನೆಗೂ ಎರಡು ಮನೆಗೂ ನಡುವೆ. ಒಂದು, ಎರಡು ಅಂದರೆ ಪಕ್ಕಪಕ್ಕದ ಬಿಳಿ ಮನೆ, ಒಂದೂವರೆ ಅಂದರೆ ಅವುಗಳ ನಡುವಿನ ಕರಿ ಮನೆ. ಈ ಲೆಕ್ಕದ ಅರ್ಧ ಮನೆ ಅಂದರೆ ಮೇಲೆ ಹೇಳಿದ 100 ಸೆಂಟೇ. ಅವರ ಶ್ರುತಿ ಅಂದರೆ ಅವರ ಗಂಟಲು. ಪರದೆ ಮೇಲೆ ಅವರ ಸ್ವರದ ಗೆರೆ ಹೊಲದ ಬದುವಿನ ಹಾಗೆ ಅಂಕುಡೊಂಕಾಗಿ ಓಡುತ್ತಿತ್ತು. ಹಿಂದೆ ಸಾಫ್ಟ್‌ವೇರಿನ ಅಡ್ಡಗೆರೆಗಳು, ರೂಲ್ ಹಾಕಿದ ನೋಟ್‌ಬುಕ್ಕಿನ ಥರ. ಎರಡೂ ಎಲ್ಲೂ ಸರಿಯಾಗಿ ಕೂಡಲಿಲ್ಲ. ನಡುವೆ ನಿಂತ ಸ್ವರವನ್ನು ಯಂತ್ರ ಒಮ್ಮೆ ಮೇಲಕ್ಕೆ ತಳ್ಳಿತು, ಒಮ್ಮೆ ಕೆಳಕ್ಕೆ ಎಳೆಯಿತು. ಹಾಡು ನೆಟ್ಟಗಾಯಿತು. ಯಜಮಾನರು ಅದರಿಂದ ಎದ್ದು ಹೋದರು.

ಶಾಸ್ತ್ರೀಯ ಸಂಗೀತದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ತೋಡಿ ರಾಗದ ಗಾಂಧಾರ ತಗೊಳ್ಳಿ. ಅದು ಒಂದು ಜಾಗದಲ್ಲಿ ನಿಲ್ಲೋ ಸ್ವರವೇ ಅಲ್ಲ. ರಿಷಭದ ಕಡೆಗೆ ಬಾಗಿ, ಮಧ್ಯಮವನ್ನು ಮುಟ್ಟಿ, ತೂಗುತ್ತಾ ಇರಬೇಕು. ಆ ತೂಗಾಟವೇ ತೋಡಿ. ಯಂತ್ರದ ಕಣ್ಣಿಗೆ ಅದು ಸ್ವರ ತಪ್ಪಿದ ಹಾಗೆ ಕಾಣುತ್ತದೆ. ಅದು 'ಸರಿ' ಮಾಡಿದರೆ ಆ ತೂಗಾಟ, ಅಂದರೆ ಗಮಕ ಹೋಗಿ ಮೂರು ಮೆಟ್ಟಿಲು ಉಳಿಯುತ್ತದೆ.

ಇದು ಹೊಸ ಜಗಳವೂ ಅಲ್ಲ. ಹಾರ್ಮೋನಿಯಂ ಮೇಲೂ ಇದೇ ದೂರಿತ್ತು. ಕಟ್ಟಿದ 12 ಮನೆಯಲ್ಲಿ ಗಮಕ ಬರಲ್ಲ ಅಂತ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. ಆ ನಿಷೇಧ ಸಡಿಲ ಆಗಲು ಸುಮಾರು 3 ದಶಕ ಬೇಕಾಯಿತು. ಅದೇ ರೇಡಿಯೋಗೆ ಆಮೇಲೆ ಬಂದ 'ಆಕಾಶವಾಣಿ' ಅನ್ನೋ ಹೆಸರು ನಮ್ಮೂರಿನದು. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಶುರು ಮಾಡಿದ ಬಾನುಲಿಯ ಹೆಸರು ಅದು. ಮನೆಯಲ್ಲೇ ರೇಡಿಯೋ ನಿಲ್ದಾಣ! ಈಗ ಮಹಡಿ ಮೇಲಿನ ಸ್ಟುಡಿಯೋ ನೋಡಿ ಅಚ್ಚರಿಪಡುವ ನಾವು ಅದನ್ನು ಮರೆತಿದ್ದೇವೆ.

ತಮಾಷೆ ಏನೆಂದರೆ, ರೇಡಿಯೋದಿಂದ ಹೊರಹಾಕಿದ ಹಾರ್ಮೋನಿಯಂ ಮಂಡ್ಯ, ಮೈಸೂರಿನ ಹಳ್ಳಿ ನಾಟಕಗಳಲ್ಲಿ ಮೇಷ್ಟ್ರ ಕೈಯಲ್ಲಿ ಧಾರಾಳವಾಗಿ ಬದುಕಿತು. ನಾಟಕದ ಮೇಷ್ಟ್ರು ಅದನ್ನು ತಮಗೆ ಬೇಕಾದ ಹಾಗೆ ಬಗ್ಗಿಸಿಕೊಂಡರು. ನಟ ಎಲ್ಲಿಗೆ ಹೋದರೆ ಅಲ್ಲಿಗೆ ಪೆಟ್ಟಿಗೆ ಹೋಗುತ್ತಿತ್ತು.

ಸಾಫ್ಟ್‌ವೇರನ್ನೂ ಬಗ್ಗಿಸಬಹುದು, ಕಷ್ಟವೇನಿಲ್ಲ. ಯಜಮಾನರ ಶ್ರುತಿ ಅರ್ಧ ಮನೆಯಲ್ಲೂ ಅರ್ಧ ಮೇಲಿದೆ ಅಂದರೆ ಆಧಾರದ 440 ಅನ್ನು 453ಕ್ಕೆ ಏರಿಸಿದರೆ ಸಾಕು, ಯಂತ್ರದ ಗೆರೆಗಳೇ ಅವರ ಗಂಟಲಿಗೆ ಬಂದು ಕೂರುತ್ತವೆ. ಹಾಡಿನಲ್ಲಿ ಇಲ್ಲದ ಸ್ವರಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಮೆಲೋಡೈನ್ ಥರದ ಸಾಫ್ಟ್‌ವೇರಿನಲ್ಲಿ ಒಂದೊಂದೇ ಸ್ವರ ಆರಿಸಿ, ಇದನ್ನು ಮುಟ್ಟು, ಇದನ್ನು ಮುಟ್ಟಬೇಡ ಅಂತ ಹೇಳಬಹುದು. ಆದರೆ ಅದಕ್ಕೆ ಹೊತ್ತು ಬೇಕು, ಮತ್ತೆ ಆ ಹಾಡು ಗೊತ್ತಿರೋ ಕಿವಿ ಬೇಕು. ಒಂದು ಹಾಡಿಗೆ ಇಷ್ಟು ಅಂತ ದುಡ್ಡು ತಗೊಂಡು, ದಿನಕ್ಕೆ ನಾಲ್ಕು ಹಾಡು ಮುಗಿಸಬೇಕಾದ ಸ್ಟುಡಿಯೋದಲ್ಲಿ ಯಾರಿಗೆ ಪುರುಸೊತ್ತು? ಹಾಗಾಗಿ ಕಂಪನಿಯವರು ಇಟ್ಟುಕೊಟ್ಟ ಹಾಗೇ ಓಡುತ್ತದೆ. ನಮ್ಮ ಕಡೆಯ ಹಾಡುಗಳು ಹಾಳಾಗೋದು ಹೆಚ್ಚಾಗಿ ಈ ಅವಸರದಿಂದ.

ಕ್ಲಿಕ್ಕಿನದೂ ಅದೇ ಪಾಡು. ಕ್ಲಿಕ್ ಅಂದರೆ ಕಿವಿಯಲ್ಲಿ ಟಿಕ್ ಟಿಕ್ ಅಂತ ಸಮವಾಗಿ ಬಡಿಯುವ ಗಡಿಯಾರ. ಬೇರೆ ಬೇರೆ ದಿನ, ಬೇರೆ ಬೇರೆ ಊರಲ್ಲಿ ನುಡಿಸಿದ್ದನ್ನು ಆಮೇಲೆ ಜೋಡಿಸಲು ಅದು ಬೇಕೇ ಬೇಕು. ಸಿನಿಮಾ ಹಾಡು ಇವತ್ತು ಅದಿಲ್ಲದೆ ನಡೆಯಲ್ಲ. ಆದರೆ ಕಂಸಾಳೆಯ ಕಥೆ ಬೇರೆ. ಕಥೆ ಏರಿದ ಹಾಗೆ ಬಡಿತ ಏರಬೇಕು. ಬೀಸು ಕಂಸಾಳೆ ನೋಡಿದವರಿಗೆ ಗೊತ್ತು, ಶುರುವಿನ ಓಟಕ್ಕೂ ಕೊನೆಯ ಓಟಕ್ಕೂ ಎಷ್ಟು ಅಂತರ ಅಂತ. ಆ ಏರಿಕೆಯನ್ನು 'ತಾಳ ಓಡಿಸಿದ್ದಾರೆ' ಅಂತ ಯಂತ್ರ ಓದಿದರೆ, ಮಾದಪ್ಪ ಹುಲಿ ಏರಿ ಹೊರಟಾಗಲೂ ಸಿಗ್ನಲ್ಲಿನಲ್ಲಿ ನಿಂತ ಸಿಟಿ ಬಸ್ಸಿನ ಹಾಗೆ ಹಾಡು ಒಂದೇ ಸಮ ಗುರ್ ಅನ್ನುತ್ತಿರುತ್ತದೆ.

ತುತ್ತೂರಿಯ ಮುಂದೆ ಮೂರು ನಿಮಿಷ

ಹಾಗಾದರೆ ಯಂತ್ರ ಬಂದಾಗಲೆಲ್ಲ ಕಲಾವಿದರು ಸೋತರಾ? ಇಲ್ಲ. ಇದಕ್ಕೆ ಮೈಸೂರಿನಲ್ಲೇ ಸಾಕ್ಷಿ ಇದೆ.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡರು. ಆಗ ಮೈಕ್ ಇಲ್ಲ. ಒಂದು ದೊಡ್ಡ ತುತ್ತೂರಿ. ಅದರ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡಬೇಕು. ಇನ್ನೊಂದು ತುದಿಯಲ್ಲಿ ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತದೆ. ತಟ್ಟೆ ತುಂಬೋದು ಸುಮಾರು ಮೂರು ನಿಮಿಷಕ್ಕೆ. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸು ಅಂದರೆ ದೊಡ್ಡ ದೊಡ್ಡ ಉಸ್ತಾದರು ಮುಖ ತಿರುಗಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಗೌಹರ್ ಜಾನ್ ಆ ಅಳತೆಯನ್ನು ತಮ್ಮದು ಮಾಡಿಕೊಂಡರು. ಆಲಾಪ ಚುಟುಕು, ನಡು ಬಿಗಿ, ಕೊನೆಗೆ ಚುರುಕಾದ ತಾನ. ಎಲ್ಲ ಮುಗಿದ ಮೇಲೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡು ಅಂತ ಗುರುತು ಸಿಗಲಿ ಅಂತ ಆ ಕೂಗು.

ನಮ್ಮ ದಾಸರ ಪದಕ್ಕೆ, ವಚನಕ್ಕೆ ಕೊನೆಯಲ್ಲಿ ಅಂಕಿತ ಇರುತ್ತದಲ್ಲ, ಇದು ಯಂತ್ರಯುಗದ ಅಂಕಿತ. ಈ ಅಂಕಿತದ ಮಾತು ಆಮೇಲೆ ಮತ್ತೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಗೌಹರ್ ಜಾನ್ ಕೊನೆಗೆ ಬಂದದ್ದು ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಅರಮನೆಯ ಗಾಯಕಿಯಾಗಿ ಕರೆಸಿಕೊಂಡರು. 1930ರ ಜನವರಿಯಲ್ಲಿ ಅವರು ತೀರಿಕೊಂಡದ್ದೂ ಇಲ್ಲೇ. ದೇಶದ ಮೊದಲ ರೆಕಾರ್ಡಿಂಗ್ ತಾರೆಯ ಕೊನೆಯ ದಿನಗಳು ನಮ್ಮೂರಲ್ಲಿ ಕಳೆದವು ಅನ್ನೋದು ಇಲ್ಲಿಯ ಎಷ್ಟೋ ಸಂಗೀತಗಾರರಿಗೇ ಗೊತ್ತಿಲ್ಲ.

ಇನ್ನೊಬ್ಬರು ತಿರುಮಕೂಡಲಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯ. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಚೌಡಯ್ಯ ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಸದ್ದಿಗೆ ತುಂಬು ಬಂತು. ಯುರೋಪಿನ ವಾದ್ಯವೊಂದರ ಅಳತೆಯನ್ನೇ ಬದಲಾಯಿಸಿದ್ದು ಇದು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅದು ಆಂಪ್ಲಿಫೈಯರ್ ಇಲ್ಲದ ಆಂಪ್ಲಿಫಿಕೇಶನ್. ಅವರನ್ನು ಯಾರಾದರೂ ಮೋಸಗಾರ ಅಂತಾರಾ? ಬೆಂಗಳೂರಿನಲ್ಲಿ ಅವರ ಹೆಸರಿಗೆ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದ್ದಾರೆ.

ಮೂರನೆಯ ಕಥೆ ಅರಮನೆಯದು, ಸ್ವಲ್ಪ ಮುಜುಗರದ್ದೂ ಹೌದು. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ದೊಡ್ಡ ಅಭಿಮಾನಿ. ಲಂಡನ್ನಿನಲ್ಲಿ ಕಾಯಿಲೆ ಬಿದ್ದಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು 1940ರ ದಶಕದ ಕೊನೆಯಲ್ಲಿ ಮೈಸೂರಿನಿಂದ ದುಡ್ಡು ಕೊಟ್ಟರು. ಇವತ್ತು ಮೆಟ್ನರ್ ಸ್ವತಃ ನುಡಿಸಿದ್ದು ಕೇಳಲು ಸಿಗುವುದರಲ್ಲಿ ನಮ್ಮ ಮಹಾರಾಜರ ಪಾಲಿದೆ. ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಲಂಡನ್ನಿನಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಅವರ ನೆರವು ಹೋಯಿತು. ಈ ಲೆಗ್ ಸಾಮಾನ್ಯ ಮನುಷ್ಯ ಅಲ್ಲ. ರೆಕಾರ್ಡ್ ಅಂದರೆ ಕಛೇರಿಯ ನಕಲು ಅಲ್ಲ, ಕಛೇರಿಗಿಂತ ಚೆನ್ನಾಗಿರಬೇಕು ಅನ್ನೋದು ಅವರ ಹಟ. 1952ರಲ್ಲಿ ಅದೇ ವಾದ್ಯವೃಂದದ ಜೊತೆ ಜರ್ಮನಿಯ ಸಂಗೀತಗಾರ ವಾಗ್ನರ್‌ನ ಒಂದು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ರೆಕಾರ್ಡ್ ಆಯಿತು. ನಾಯಕಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ವಯಸ್ಸು 50 ದಾಟಿತ್ತು. ಒಂದೆರಡು ಕಡೆ ತಾರದ ತುದಿಯ ಸ್ವರ ಅವರಿಗೆ ಹತ್ತುವುದು ಕಷ್ಟವಿತ್ತು. ಆ ಸ್ವರಗಳನ್ನಷ್ಟೇ ಹೆಸರಾಂತ ಗಾಯಕಿ, ಮುಂದೆ ಲೆಗ್ ಅವರ ಹೆಂಡತಿಯಾದ ಎಲಿಸಬೆತ್ ಶ್ವಾರ್ಜ್‌ಕಾಫ್ ಹಾಡಿಕೊಟ್ಟರು. ತಟ್ಟೆಯ ಮೇಲೆ ಅವರ ಹೆಸರಿಲ್ಲ. ಸುದ್ದಿ ಹೊರಬಿದ್ದಾಗ ದೊಡ್ಡ ರಂಪವಾಯಿತು.

ಒಂದೆರಡು ಸ್ವರಕ್ಕೆ ಇಷ್ಟು ರಂಪ ಯಾಕೆ? ನಮ್ಮ ಸಿನಿಮಾದಲ್ಲಿ ಇಡೀ ಹಾಡನ್ನೇ ಬೇರೆಯವರು ಹಾಡುತ್ತಾರಲ್ಲ! ರಾಜಕುಮಾರ್ ಅವರಿಗೆ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಹಾಡಿದರು. ಪರದೆ ಮೇಲೆ ತುಟಿ ಒಬ್ಬರದು, ಗಂಟಲು ಇನ್ನೊಬ್ಬರದು. ಯಾರಿಗೂ ಮೋಸ ಅನ್ನಿಸಲಿಲ್ಲ. ಯಾಕೆಂದರೆ ಟೈಟಲ್ ಕಾರ್ಡಿನಲ್ಲಿ, ಕ್ಯಾಸೆಟ್ಟಿನ ಮೇಲೆ ಹೆಸರಿತ್ತು. ಜನ ಇಬ್ಬರನ್ನೂ ಬೇರೆ ಬೇರೆಯಾಗಿಯೇ ಪ್ರೀತಿಸಿದರು. ಅದೇ ಕೆಲಸವನ್ನು ಮಿಲಿ ವನಿಲಿ ಅನ್ನೋ ಜೋಡಿ ಹೆಸರು ಮುಚ್ಚಿಟ್ಟು ಮಾಡಿದಾಗ 1990ರಲ್ಲಿ ಕೊಟ್ಟ ಗ್ರ್ಯಾಮಿ ಪ್ರಶಸ್ತಿಯನ್ನೇ ವಾಪಸ್ ತಗೊಂಡರು. ಕೈಚಳಕ ಒಂದೇ. ಒಂದು ಕಡೆ ಅಂಕಿತ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಇದೇ ಲೆಕ್ಕದಲ್ಲಿ ಚಿತ್ರಕಲೆಯ ಮಾತೂ ಸ್ವಲ್ಪ. ಜಗನ್ಮೋಹನ ಅರಮನೆಗೆ ಹೋದವರೆಲ್ಲ ದೀಪ ಹಿಡಿದ ಹೆಣ್ಣುಮಗಳ ಚಿತ್ರ ನೋಡಿಯೇ ಬಂದಿರುತ್ತಾರೆ. ಕತ್ತಲು ಮಾಡಿದ ಕೋಣೆಯಲ್ಲಿ ಬೆರಳ ಸಂದಿನಿಂದ ಬೆಳಕು ನಿಜವಾಗಿ ಸೋರಿದ ಹಾಗೆ ಕಾಣುತ್ತದೆ. ಹಿಂದೆ ಬಲ್ಬ್ ಇಟ್ಟಿದ್ದಾರಾ ಅಂತ ಬಗ್ಗಿ ನೋಡುವ ಮಕ್ಕಳು ಇವತ್ತಿಗೂ ಇದ್ದಾರೆ. ಬಲ್ಬ್ ಇಲ್ಲ. ಬರೀ ಜಲವರ್ಣ, ಮತ್ತೆ ಸುತ್ತಲಿನ ಕಪ್ಪು. ಬಹಳ ಜನ ಅದನ್ನು ರವಿವರ್ಮನ ಚಿತ್ರ ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದನಕರ್. ಇನ್ನು ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಮನೆ ತೆರೆದು ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ಕಳಿಸಿದವರು. ಅದು ಅಚ್ಚು ಅಂತ ಗೊತ್ತಿದ್ದೇ ಜನ ಕೊಂಡು ಪೂಜೆ ಮಾಡಿದರು. ನನಗೆ ಕಸಿವಿಸಿ ಆಗೋದು ಬೇರೆ ಕಡೆ. ಮೈಸೂರು ಶೈಲಿಯ ಚಿತ್ರದಲ್ಲಿ ಮಕ್ಕಿ ಸಫೇದ ಅನ್ನೋ ಲೇಪದಿಂದ ತೆಳ್ಳಗೆ ಉಬ್ಬು ತೆಗೆದು, ಒಣಗಿಸಿ, ಅದರ ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ತಂಜಾವೂರಿನಷ್ಟು ದಪ್ಪ ಉಬ್ಬು ಇದಕ್ಕಿಲ್ಲ, ಕೈಯಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ಈಗ ಪ್ರಿಂಟರ್ ಕೂಡ ಉಬ್ಬು ತೆಗೆಯುತ್ತದೆ. ಪ್ರಿಂಟನ್ನು ಪ್ರಿಂಟ್ ಅಂತ ಮಾರಿದರೆ ಯಾರೂ ಏನೂ ಅನ್ನಲ್ಲ. ಕೈಕೆಲಸ ಅಂತ ಮಾರಿದರೆ ತಿಂಗಳುಗಟ್ಟಲೆ ಕೂತು ಬರೆಯುವವನ ಹೊಟ್ಟೆಗೆ ಏಟು.

ಕಲಿಯುವ ಮಕ್ಕಳ ಪಾಡು

ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಹಬ್ಬದ ಸಂಗೀತ ಕಛೇರಿ ಕೇಳಿ ಬೆಳೆದವರಿಗೆ ಗೊತ್ತು, ದೊಡ್ಡ ವಿದ್ವಾಂಸರೂ ಕೆಮ್ಮುತ್ತಾರೆ, ಒಮ್ಮೊಮ್ಮೆ ಸಾಹಿತ್ಯ ಮರೆಯುತ್ತಾರೆ, ತಾರ ಷಡ್ಜಕ್ಕೆ ಹೋಗಿ ವಾಪಸ್ ಬಂದು ಮತ್ತೆ ಹತ್ತುತ್ತಾರೆ. ಆ ಎರಡನೇ ಸಲ ಹತ್ತಿದಾಗ ಸಭೆಯಲ್ಲಿ ಏಳುವ "ಭಲೇ" ಇದೆಯಲ್ಲ, ಅದನ್ನು ಕೇಳಿದ ಮಗು ಎಡವಿದರೂ ಹಾಡಬಹುದು ಅಂತ ಕಲಿಯುತ್ತದೆ. ಈಗಿನ ಮಕ್ಕಳಿಗೆ ಹೆಚ್ಚಾಗಿ ಕಿವಿಗೆ ಬೀಳೋದು ಹತ್ತು ಸಲ ಹಾಡಿಸಿ, ಚೆನ್ನಾಗಿ ಬಂದ ತುಂಡುಗಳನ್ನು ಹೆಕ್ಕಿ ಜೋಡಿಸಿದ ಹಾಡು. ಉಸಿರು ತಗೊಳ್ಳೋ ಸದ್ದನ್ನೂ ಅಳಿಸಿರುತ್ತಾರೆ. ನನಗೆ ಗೊತ್ತಿರುವ ಸಂಗೀತದ ಟೀಚರ್ ಒಬ್ಬರು ಹೇಳುತ್ತಿದ್ದರು. ಅವರ ಶಿಷ್ಯೆಯೊಬ್ಬಳು ಒಂದು ಸಂಗತಿಯನ್ನು, ಅಂದರೆ ಹಾಡಿನ ಸಾಲನ್ನು ಬೆಳೆಸಿ ಹಾಡುವ ಒಂದು ಬಗೆಯನ್ನು, ಉಸಿರು ಬಿಡದೆ ಹಾಡಲು ವಾರಗಟ್ಟಲೆ ಒದ್ದಾಡಿ, ಆಗದೆ ಅತ್ತಳಂತೆ. ಟೀಚರ್ ಆ ರೆಕಾರ್ಡ್ ಹಾಕಿಸಿ ಕೇಳಿದರೆ, ಅದು ಎರಡು ಸಲ ಹಾಡಿದ್ದನ್ನು ಕೂಡಿಸಿದ್ದು. ಅಂಟು ಹಾಕಿದ ಜಾಗ ಅವರ ಕಿವಿಗೆ ಸಿಕ್ಕಿತು, ಮಗುವಿಗೆ ಸಿಕ್ಕಿರಲಿಲ್ಲ.

ಸಿನಿಮಾ ಹಾಡಿನಲ್ಲಿ ಇದನ್ನು ಮಾಡಿದರೆ ನನ್ನ ತಕರಾರಿಲ್ಲ. ಅದು ಸ್ಟುಡಿಯೋದಲ್ಲೇ ಹುಟ್ಟಿದ ವಸ್ತು. 'ಲೈವ್ ಕಛೇರಿ' ಅಂತ ಬರೆದು ಹೀಗೆ ಮಾಡಿದರೆ ಮಾತ್ರ ಮೈ ಉರಿಯುತ್ತದೆ.

ಇನ್ನು ವೇದಿಕೆ. ಮಂಡ್ಯ ಕಡೆ ಗಣೇಶನ ಆರ್ಕೆಸ್ಟ್ರಾ ಅಂದರೆ ಮೊದಲು ಎಂಟು ಹತ್ತು ಜನ ವಾದ್ಯದವರು. ಕೋಲಿನಿಂದ ಬಡಿದರೆ ಹಲವು ತಾಳವಾದ್ಯದ ಸದ್ದು ಕೊಡುವ ಆಕ್ಟೊಪ್ಯಾಡ್ ಬಂದು ಮೂವರ ಕೆಲಸ ಒಬ್ಬನಿಗೆ ಹೋಯಿತು. ಈಗ ಎಷ್ಟೋ ಕಡೆ ಮೊದಲೇ ಮುದ್ರಿಸಿದ ವಾದ್ಯಗಳ ಟ್ರ್ಯಾಕ್ ಹಾಕಿ ಹಾಡೋದು. ಒಂದು ಲ್ಯಾಪ್‌ಟಾಪ್, ಒಂದು ಗಾಯಕಿ, ಒಬ್ಬ ನಿರೂಪಕ. ಕೇಳುವವರಿಗೆ ಸಿಡಿಯಷ್ಟೇ ಚೊಕ್ಕ. ನಿಂತದ್ದು ತಬಲಾದವನ ಮನೆಯ ಒಲೆ. ಕಲೆಯ ತಂತ್ರಜ್ಞಾನದ ಬಗ್ಗೆ ಮಾತಾಡುವಾಗ ನಾವು ಸ್ವರ, ಭಾವ ಅಂತೆಲ್ಲ ಮಾತಾಡುತ್ತೇವೆ, ಕೂಲಿಯ ಮಾತು ಎತ್ತೋದೇ ಇಲ್ಲ.

ಅಂಕಿತ ಇಲ್ಲದ ಹಾಡು

ಈಗ ಎಐ, ಅಂದರೆ ಕೃತಕ ಬುದ್ಧಿಮತ್ತೆ. ಇಲ್ಲಿ ಅಳತೆಗೋಲಿನ ಬಣ್ಣವೇ ಬೇರೆ. ಸುನೋ, ಉಡಿಯೋ ಥರದ ಸಾಧನಗಳಿಗೆ ನಾಲ್ಕು ಸಾಲು ಕೊಟ್ಟರೆ ಪೂರ್ತಿ ಹಾಡು ಬರುತ್ತದೆ. ಅವು ಲೆಕ್ಕವಿಲ್ಲದಷ್ಟು ಹಾಡು ಕೇಳಿ, ಯಾವುದರ ಪಕ್ಕ ಯಾವುದು ಬರುವ ಸಂಭವ ಹೆಚ್ಚು ಅಂತ ಕಲಿತಿರುತ್ತವೆ. ಅಂದರೆ ಇದರ ಕೋಲು 'ಸಾಮಾನ್ಯವಾಗಿ ಹೀಗಿರುತ್ತದೆ' ಅನ್ನೋದು. ಹೆಚ್ಚು ಕೇಳಿದ್ದು ಹೆಚ್ಚು ಬರುತ್ತದೆ. ಮಾದಪ್ಪನ ಹಾಡು ಕೊಡು ಅಂತ ನಾನೇ ಕೇಳಿ ನೋಡಿದೆ. ಡೋಲಕ್ ಇತ್ತು, ಕೊಳಲಿತ್ತು, ಹಿಂದೆ ನೂರು ಜನ ಕೋರಸ್. ಕಂಸಾಳೆ ಎಲ್ಲೂ ಇಲ್ಲ. ಳಕಾರ ಇರಬೇಕಾದ ಕಡೆ ಲಕಾರ. ನಮ್ಮ ಕಡೆಯ ಸದ್ದು ಅದರ ಕಿವಿಗೆ ಬಿದ್ದಿರೋದೇ ಕಡಿಮೆ. ಬಿದ್ದಿದ್ದರಲ್ಲೂ ಎಷ್ಟೋ ಆಟೋಟ್ಯೂನ್ ಹಾಕಿ ನೆಟ್ಟಗೆ ಮಾಡಿದ್ದೇ ಇರುತ್ತವೆ. ನೆಟ್ಟಗೆ ಮಾಡಿದ್ದನ್ನು ಕೇಳಿ ಕಲಿತ ಯಂತ್ರ ಇನ್ನೂ ನೆಟ್ಟಗೆ ಹಾಡುತ್ತದೆ.

ಕೇಳಿ ಕಲಿಯಲು ಅನುಮತಿ ಕೊಟ್ಟವರು ಯಾರು ಅನ್ನೋದು ಕೋರ್ಟಿನಲ್ಲಿದೆ. 2024ರ ಜೂನ್‌ನಲ್ಲಿ ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿಗಳು ಈ ಎರಡೂ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದವು. ಆಮೇಲೆ 2025ರಲ್ಲಿ ಕೆಲವು ರಾಜಿಯಾದವು. ಕಂಪನಿಗೂ ಕಂಪನಿಗೂ ರಾಜಿಯಾಗಬಹುದು. ಮಳವಳ್ಳಿಯ ಯಜಮಾನರ ಪರವಾಗಿ ಆ ಮೇಜಿನ ಮುಂದೆ ಯಾರು ಕೂರುತ್ತಾರೆ?

ಧ್ವನಿಯನ್ನೇ ನಕಲು ಮಾಡೋದು ಇನ್ನೊಂದು. 2024ರ ಶುರುವಿನಲ್ಲಿ ಎ.ಆರ್. ರಹಮಾನ್ ಒಂದು ತಮಿಳು ಹಾಡಿಗೆ ತೀರಿಹೋದ ಇಬ್ಬರು ಗಾಯಕರ ಧ್ವನಿಯನ್ನು ಎಐ ಮೂಲಕ ತಂದರು. ಮನೆಯವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮಾಡಿದ್ದಾಗಿ ಹೇಳಿದರು. ಅದೇ ಹೊತ್ತಿಗೆ ತೆಲುಗು ಚಿತ್ರವೊಂದರಲ್ಲಿ ಎಸ್‌ಪಿಬಿ ಧ್ವನಿಯನ್ನು ಹೇಳದೆ ಕೇಳದೆ ಹೀಗೆ ಬಳಸಿದ್ದಾರೆ ಅಂತ ಅವರ ಮನೆಯವರು ನೋಟಿಸ್ ಕಳಿಸಿದರು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಅನುಮತಿ ಇಲ್ಲದೆ ಎಐಗೆ ಬಳಸದಂತೆ ತಡೆ ಕೊಟ್ಟಿತು. ಧ್ವನಿಗೆ ಅಂತಲೇ ನಮ್ಮಲ್ಲಿ ಬೇರೆ ಕಾನೂನು ಇಲ್ಲ, ನ್ಯಾಯಾಲಯಗಳೇ ದಾರಿ ಮಾಡುತ್ತಿವೆ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಒಂದು ತಿದ್ದುಪಡಿ ಬಂತು. ಹಾಡಿದವರಿಗೆ ತಮ್ಮ ಹೆಸರು ಹೇಳಿಸ್ಕೊಳ್ಳೋ ಹಕ್ಕು ಇದೆ, ತಮ್ಮ ಹೆಸರು ಕೆಡುವ ಹಾಗೆ ಹಾಡನ್ನು ತಿರುಚಿದರೆ ತಡೆಯೋ ಹಕ್ಕೂ ಇದೆ ಅಂತ ಅದು ಹೇಳುತ್ತದೆ. ಆದರೆ ಉದ್ದ ಕಡಿಮೆ ಮಾಡಲು ಕತ್ತರಿಸಿದರೆ, ಬರೀ ತಾಂತ್ರಿಕ ಕಾರಣಕ್ಕೆ ಬದಲಾಯಿಸಿದರೆ ಅದು ತಿರುಚಿದ ಹಾಗಲ್ಲ ಅಂತಲೂ ಅಲ್ಲೇ ಬರೆದಿದೆ. ಹದಿನೆಂಟು ನಿಮಿಷವನ್ನು ಐದು ಮಾಡಿದ್ದು ತಪ್ಪಲ್ಲ. ಗಮಕ ತೆಗೆದಿದ್ದು ಯಾವ ಲೆಕ್ಕ? ತಾಂತ್ರಿಕ ಕಾರಣವಾ, ತಿರುಚಿದ್ದಾ? ಸ್ವರ ಬಲ್ಲ ನ್ಯಾಯಾಧೀಶರೇ ಬೇಕೇನೋ.

ನನ್ನ ಮಟ್ಟಿಗೆ ಪರೀಕ್ಷೆ ಸುಲಭ. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ಹಾಗೆ ಎದ್ದು ನಿಂತು ಹೆಸರು ಕೂಗುವವರು ಯಾರಾದರೂ ಇದ್ದಾರಾ? ಇದ್ದರೆ ನಡುವೆ ಎಷ್ಟು ಯಂತ್ರ ಬೇಕಾದರೂ ಬಳಸಲಿ.

ಮತ್ತೆ ಮಹಡಿಗೆ ಹೋಗೋಣ. "ಅದು ನೀವೇ ಹಾಡಿದ್ದು ಯಜಮಾನ್ರೆ" ಅಂದ ಗೆಳೆಯ. ಯಜಮಾನರು ನಂಬಲಿಲ್ಲ. ಅವನು ಒಂದೊಂದೇ ಪದರ ತೆಗೆಯುತ್ತಾ ಹೋದ. ಕೀಬೋರ್ಡ್ ತೆಗೆದ, ಕ್ಲಿಕ್ಕಿನ ಎಳೆತ ತೆಗೆದ. ಆಧಾರವನ್ನು 453ಕ್ಕೆ ಏರಿಸಿ ಸ್ವರದ ಗುಂಡಿಯನ್ನು ಸಡಿಲ ಬಿಟ್ಟ. ಅದೂ ಬೇಡ ಅನ್ನಿಸಿ ಪೂರ್ತಿ ಆಫ್ ಮಾಡಿದ. ಬರೀ ಗಂಟಲು, ಬರೀ ಕಂಸಾಳೆ. ಯಜಮಾನರ ಮುಖ ಸಡಿಲವಾಯಿತು. ಆದರೂ ಏನೋ ಕಮ್ಮಿ ಅನ್ನಿಸಿತು ಅವರಿಗೆ.

"ಬೆಟ್ಟದಲ್ಲಿ ರಾತ್ರಿ ಪೌಳಿಲಿ ಕೂತ್ಕಂಡು ಹಾಡುದ್ರೆ ಒಂಥರಾ ಸುತ್ಕಂಡು ಬತ್ತದಲ್ಲ, ಅದ ಬರ್ಸಕ್ಕಾಯ್ತದಾ ನಿನ್ ಮಿಸನ್ನಲ್ಲಿ?"

ಆಗುತ್ತದೆ. ಒಂದು ಜಾಗದಲ್ಲಿ ಬಲೂನ್ ಒಡೆದು ಅದರ ಮಾರ್ದನಿ ಮುದ್ರಿಸಿಕೊಂಡರೆ, ಯಾವ ಸದ್ದನ್ನು ಬೇಕಾದರೂ ಆ ಜಾಗದಲ್ಲಿ ಕೂರಿಸುವ ಸಾಫ್ಟ್‌ವೇರ್ ಇದೆ. ಗೆಳೆಯನ ಹತ್ತಿರ ಪೌಳಿಯ ಮಾರ್ದನಿ ಇರಲಿಲ್ಲ. ಯಾವುದೋ ಹಳೇ ಕಲ್ಲಿನ ಕಟ್ಟಡದ್ದು ಇತ್ತು. ಅದನ್ನೇ ಹಾಕಿ ಗುಂಡಿ ತಿರುಗಿಸಿದ. ಯಜಮಾನರು ಕೈ ಎತ್ತಿ, ಇನ್ನೂ, ಇನ್ನೂ ಚೂರು ಅಂತ ಸನ್ನೆ ಮಾಡಿದರು. ಆಮೇಲೆ ತಟ್ಟನೆ ಅಂಗೈ ಅಡ್ಡ ಹಿಡಿದರು.

"ಸಾಕು ಸಾಕು. ಇನ್ನೂ ಆದ್ರೆ ಬಾವಿಗೆ ಬಿದ್ದಂಗಾಯ್ತದೆ."